ಗರ್ಭಕ್ಕೆ ಎಷ್ಟು ವಾರ? ಮೂರು ರಿಪೋರ್ಟ್, ಮೂರು ಡೇಟ್, ನಂಬಬೇಕಾದ್ದು ಯಾವುದನ್ನು

ತಾಯಿ ಕಾರ್ಡಿನಲ್ಲಿ ಹೆರಿಗೆಯ ಡೇಟ್ ಅಕ್ಟೋಬರ್ 17 ಎಂದಿದೆ. ಮೂರನೇ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ರಿಪೋರ್ಟಿನಲ್ಲಿ ಅಕ್ಟೋಬರ್ 28. ಎಂಟನೇ ತಿಂಗಳ ರಿಪೋರ್ಟ್ ತೆಗೆದರೆ ನವೆಂಬರ್ 11. ಕೊಡಗಿನಲ್ಲಿ ಆಶಾ ಕಾರ್ಯಕರ್ತೆಯರಿಗೆ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಇಷ್ಟರಲ್ಲಿ ಸರಿ ಯಾವುದು? ಮಳೆಗಾಲ ಬಂತೆಂದರೆ ಈ ಪ್ರಶ್ನೆ ಇನ್ನೂ ಬಿಸಿಯಾಗುತ್ತದೆ. ಭಾಗಮಂಡಲದ ಆಚೆಯಿಂದಲೋ ಕುಟ್ಟದ ಕಡೆಯ ಬುಡಕಟ್ಟು ಹಾಡಿಯಿಂದಲೋ ಗರ್ಭಿಣಿಯನ್ನು ಮೊದಲೇ ಪೇಟೆಗೆ ತಂದಿರಿಸಬೇಕೆ, ಇನ್ನೂ ಎರಡು ವಾರ ಕಾಯಬಹುದೆ ಎಂಬುದು ಆ ಒಂದು ಡೇಟಿನ ಮೇಲೆ ನಿಂತಿರುತ್ತದೆ. ರಸ್ತೆಗೆ ಗುಡ್ಡ ಜರಿದರೆ ಆಮೇಲೆ ಯೋಚಿಸಲು ಸಮಯವಿರುವುದಿಲ್ಲ.

ಮೇಲಿನ ಮೂರು ಡೇಟ್‌ಗಳಲ್ಲಿ ನಂಬಬೇಕಾದದ್ದು ಎರಡನೆಯದು. ಏಕೆಂದು ತಿಳಿಯಲು ಬುಡದಿಂದಲೇ ಶುರುಮಾಡಬೇಕು.

ಎಣಿಕೆ ಶುರುವಾಗುವುದು ಎಲ್ಲಿಂದ

ಗರ್ಭದ ವಯಸ್ಸನ್ನು ಗರ್ಭ ಕಟ್ಟಿದ ದಿನದಿಂದ ಎಣಿಸುವುದಿಲ್ಲ. ಆ ದಿನ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಹಾಗಾಗಿ ಕೊನೆಯ ಸಲ ಮುಟ್ಟಾದಾಗ ರಕ್ತ ಕಂಡ ಮೊದಲ ದಿನವನ್ನು ಸೊನ್ನೆ ಎಂದಿಟ್ಟುಕೊಳ್ಳುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಎಲ್‌ಎಂಪಿ ಎಂದು ಬರೆಯುವುದು ಇದನ್ನೇ. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಬರುವ ದಿನವೇ ಹೆರಿಗೆಯ ಅಂದಾಜು ದಿನ, ಇಡಿಡಿ. ಬಾಯಿಲೆಕ್ಕ ಸುಲಭ: ಎಲ್‌ಎಂಪಿಗೆ ಒಂಬತ್ತು ತಿಂಗಳು ಮತ್ತು ಏಳು ದಿನ ಸೇರಿಸಿ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 17, ಹೆಚ್ಚುಕಡಿಮೆ ಕಾವೇರಿ ಸಂಕ್ರಮಣದ ಹೊತ್ತಿಗೆ.

ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಟ್ಟಾದ ಸುಮಾರು 14ನೇ ದಿನ. ಆದ್ದರಿಂದ "ಎಂಟು ವಾರದ ಗರ್ಭ" ಎಂದಾಗ ಒಳಗಿನ ಭ್ರೂಣಕ್ಕೆ ನಿಜವಾಗಿ ಆರೇ ವಾರ. ಗಂಡ ರಜೆಗೆ ಬಂದುಹೋದ ದಿನ ಲೆಕ್ಕ ಹಾಕಿ "ವಾರ ಹೊಂದುತ್ತಿಲ್ಲವಲ್ಲ" ಎಂದು ಮನೆಯಲ್ಲಿ ಸಲ್ಲದ ಮಾತು ಏಳುವುದುಂಟು. ಈ ಎರಡು ವಾರದ ವ್ಯತ್ಯಾಸ ಎಲ್ಲರ ಲೆಕ್ಕದಲ್ಲೂ ಇರುತ್ತದೆ, ಅದರಲ್ಲಿ ಅನುಮಾನಿಸುವಂಥದ್ದು ಏನೂ ಇಲ್ಲ.

ಇನ್ನೊಂದು ಗೊಂದಲ ತಿಂಗಳ ಲೆಕ್ಕದ್ದು. "ಎಂಟನೇ ತಿಂಗಳು" ಎಂದರೆ ಎಂಟು ತುಂಬಿತೋ, ಎಂಟು ನಡೆಯುತ್ತಿದೆಯೋ? ಹೇಳುವವರು ಒಂದು ಅಂದುಕೊಂಡರೆ ಕೇಳುವವರು ಇನ್ನೊಂದು ಅಂದುಕೊಳ್ಳುತ್ತಾರೆ, ನಡುವೆ ನಾಲ್ಕು ವಾರ ಕಳೆದುಹೋಗುತ್ತದೆ. ಅದಕ್ಕೇ ವೈದ್ಯರು ವಾರ ಮತ್ತು ದಿನದಲ್ಲೇ ಮಾತಾಡುತ್ತಾರೆ. 37 ವಾರಕ್ಕಿಂತ ಮೊದಲು ಹುಟ್ಟಿದರೆ ಅವಧಿಪೂರ್ವ ಕೂಸು. 42 ವಾರ ಮುಟ್ಟಿದರೆ ಅವಧಿ ಮೀರಿದ್ದು.

ಮುಟ್ಟಿನ ದಿನ ಕೈಕೊಡುವುದು ಯಾಕೆ

280 ದಿನದ ಲೆಕ್ಕದ ಹಿಂದೆ ಒಂದು ಊಹೆ ಇದೆ: ಮುಟ್ಟು 28 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ ಎಂಬುದು. 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದು 21ನೇ ದಿನದ ಆಸುಪಾಸಿನಲ್ಲಿ. ಅಲ್ಲಿಗೆ ಒಂದು ವಾರ ಹೆಚ್ಚು ಎಣಿಸಿದಂತಾಯಿತು. ಎದೆಹಾಲು ಕುಡಿಸುತ್ತಿದ್ದಾಗ ಮುಟ್ಟು ಮರಳುವ ಮೊದಲೇ ಮತ್ತೆ ಗರ್ಭ ನಿಂತಿದ್ದರೆ ಎಣಿಸಲು ದಿನವೇ ಇಲ್ಲ. ಗರ್ಭನಿರೋಧಕ ಮಾತ್ರೆ ಈಚೆಗಷ್ಟೇ ಬಿಟ್ಟವರಲ್ಲಿ ಅಂಡ ಬಿಡುಗಡೆ ತಡವಾಗಬಹುದು. ಗರ್ಭ ನಿಂತ ಮೇಲೂ ಒಂದೆರಡು ದಿನ ಸ್ವಲ್ಪ ರಕ್ತ ಕಾಣಿಸುವುದುಂಟು, ಅದನ್ನೇ ಮುಟ್ಟು ಎಂದುಕೊಂಡರೆ ಗರ್ಭದ ವಯಸ್ಸು ಒಂದು ತಿಂಗಳು ಕಡಿಮೆಯಾಗಿ ಕಾಣುತ್ತದೆ.

ಇದೆಲ್ಲ ಸರಿಯಿದ್ದರೂ ದಿನ ನೆನಪಿರಬೇಕಲ್ಲ. ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಬೆಳಿಗ್ಗೆ ತೋಟಕ್ಕೆ ಹೋದರೆ ಸಂಜೆ ತೋಟದ ಕಾರ್ಮಿಕರ ಲೈನ್ ಮನೆಗೆ ಮರಳುವ ಹೆಣ್ಣುಮಕ್ಕಳು ತಾರೀಖು ಬರೆದಿಟ್ಟುಕೊಳ್ಳುತ್ತಾರೆಂದು ನಿರೀಕ್ಷಿಸುವುದು ಹೆಚ್ಚಾಯಿತು. ಕೇಳಿದರೆ "ಒಂದನೇ ತಾರೀಖು", "ಹದಿನೈದು" ಎಂಬ ಉತ್ತರ ಬರುತ್ತದೆ. ತುಂಡು ತಾರೀಖು ಬಿಟ್ಟು ಗುಂಡು ತಾರೀಖು ಹೇಳುವುದು ಎಲ್ಲ ಊರಲ್ಲೂ ಇರುವ ಅಭ್ಯಾಸ.

ಇಲ್ಲಿ ಹಬ್ಬ ಹಿಡಿದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಹುತ್ತರಿಗೆ ಮೊದಲೋ ಆಮೇಲೋ? ಹುತ್ತರಿಯ ದಿನ ಕದಿರು ಮನೆಗೆ ತರುವಾಗ ಒಳಗಿದ್ದಿರೋ ಹೊರಗಿದ್ದಿರೋ? ಕೈಲ್ ಪೊಳ್ದ್‌ಗೆ? ಹಾಡಿಯವರಾದರೆ ದೇವರಪುರದ ಕುಂಡೆ ಹಬ್ಬಕ್ಕೆ? ಅಸ್ಸಾಂನಿಂದ ಬಂದ ಕಾರ್ಮಿಕರಾದರೆ ಬಿಹುವಿಗೆ ಎಷ್ಟು ದಿನ ಮೊದಲು? ಕಾಫಿಗೆ ಹೂಮಳೆ ಬಿದ್ದದ್ದು, ಕೊಯ್ಲು ಶುರುವಾದದ್ದು, ಬಟವಾಡೆಯಾದ ವಾರ, ಎಲ್ಲವೂ ಗುರುತಿನ ಕಲ್ಲುಗಳೇ. ಹಬ್ಬದ ದಿನ ಮುಟ್ಟಾಗಿ ದೂರ ಕೂತದ್ದನ್ನು ಯಾವ ಹೆಣ್ಣೂ ಮರೆಯುವುದಿಲ್ಲ. ಕೇಳಿ ತಿಳಿದ ತಾರೀಖಿನ ಪಕ್ಕದಲ್ಲಿ "ಖಚಿತ" ಅಥವಾ "ಅಂದಾಜು" ಎಂದು ಬರೆದರೆ ಮುಂದೆ ನೋಡುವ ವೈದ್ಯರಿಗೆ ಅದು ಬಹಳ ಉಪಯೋಗ.

ದಿನ ಗೊತ್ತೇ ಇಲ್ಲದಿದ್ದರೆ ಹೊಟ್ಟೆ ಮುಟ್ಟಿ ನೋಡುವ, ಟೇಪಿನಿಂದ ಅಳೆಯುವ ಕ್ರಮವಿದೆ. 20 ವಾರ ದಾಟಿದ ಮೇಲೆ ಮುಂಭಾಗದ ಸೊಂಟದ ಮೂಳೆಯಿಂದ ಗರ್ಭಕೋಶದ ತುದಿಯವರೆಗಿನ ಸೆಂಟಿಮೀಟರು ಹೆಚ್ಚುಕಡಿಮೆ ವಾರಕ್ಕೆ ಸಮ. ಆದರೆ ಅವಳಿ ಇದ್ದರೆ, ಕೂಸಿನ ಸುತ್ತಲಿನ ನೀರು ಹೆಚ್ಚಿದ್ದರೆ, ಗರ್ಭಕೋಶದಲ್ಲಿ ಗೆಡ್ಡೆ ಇದ್ದರೆ, ಕೂಸು ಸೊರಗಿದ್ದರೆ ಈ ಅಳತೆ ವಾರಗಟ್ಟಲೆ ತಪ್ಪುತ್ತದೆ. ಬೆಳವಣಿಗೆ ಗಮನಿಸಲು ಟೇಪು ಸಾಕು, ವಯಸ್ಸು ನಿರ್ಧರಿಸಲು ಸಾಲದು.

ಸ್ಕ್ಯಾನ್ ಅಳೆಯುವುದು ಗಾತ್ರವನ್ನು

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳಿಸದಷ್ಟು ಮೇಲಿನ ಸ್ಥಾಯಿಯ ಶಬ್ದ. ಕೈಯಲ್ಲಿ ಹಿಡಿಯುವ ಪ್ರೋಬ್ ಅದನ್ನು ಹೊಟ್ಟೆಯೊಳಕ್ಕೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಎಕ್ಸ್‌ರೇಯಲ್ಲಿರುವಂಥ ವಿಕಿರಣ ಇದರಲ್ಲಿಲ್ಲ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಇದನ್ನು ಪ್ರಸೂತಿ ಕ್ಷೇತ್ರಕ್ಕೆ ತಂದರು. ಭ್ರೂಣದ ಉದ್ದದಿಂದ ವಯಸ್ಸು ಹೇಳುವ ಸೂತ್ರ ಬಂದದ್ದೂ ಅದೇ ಊರಿನಿಂದಲೇ, 1970ರ ದಶಕದಲ್ಲಿ.

ಯಂತ್ರಕ್ಕೆ ಕೂಸಿನ ಜನ್ಮಕುಂಡಲಿ ಏನೂ ಗೊತ್ತಿಲ್ಲ. ಅದು ಮಿಲಿಮೀಟರು ಅಳೆಯುತ್ತದೆ, ಅಷ್ಟು ಉದ್ದದ ಕೂಸು ಸಾಮಾನ್ಯವಾಗಿ ಎಷ್ಟು ವಾರದ್ದು ಎಂದು ಕೋಷ್ಟಕ ನೋಡಿ ಹೇಳುತ್ತದೆ. ಮುಂದಿನದೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಕಾಫಿ ನರ್ಸರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ದಿನ ಪಾತಿಗೆ ಹಾಕಿದ ಬೀಜಗಳು ಮೊಳೆತು ತಲೆಯ ಮೇಲೆ ಟೋಪಿ ಹೊತ್ತು ನಿಂತಾಗ ಎಲ್ಲವೂ ಒಂದೇ ಎತ್ತರ, ಸಸಿ ನೋಡಿಯೇ ಬಿತ್ತಿದ ದಿನ ಹೇಳಬಹುದು. ಅವೇ ಗಿಡಗಳು ತೋಟಕ್ಕೆ ಹೋಗಿ ನಾಲ್ಕು ವರ್ಷವಾದ ಮೇಲೆ ನೆರಳು, ಗೊಬ್ಬರ, ಮಣ್ಣಿಗೆ ತಕ್ಕಂತೆ ಒಂದು ಆಳೆತ್ತರ, ಒಂದು ಮೊಣಕಾಲೆತ್ತರ. ಆಗ ಎತ್ತರ ನೋಡಿ ವಯಸ್ಸು ಹೇಳಹೊರಟರೆ ಸೊರಗಿದ ಗಿಡವನ್ನು ಎಳೆಯ ಗಿಡ ಎಂದುಬಿಡುತ್ತೇವೆ.

ಗರ್ಭದಲ್ಲೂ ಹಾಗೆಯೇ. ಮೊದಲ ಮೂರು ತಿಂಗಳು ಎಲ್ಲ ಭ್ರೂಣಗಳೂ ಬಹುತೇಕ ಒಂದೇ ವೇಗದಲ್ಲಿ ಬೆಳೆಯುತ್ತವೆ. ತಾಯಿ ಎತ್ತರವೋ ಕುಳ್ಳೋ, ಊಟ ಹೇಗಿದೆ, ರಕ್ತಹೀನತೆ ಇದೆಯೋ ಎಂಬುದೆಲ್ಲ ಅಷ್ಟು ಬೇಗ ಗಾತ್ರದಲ್ಲಿ ಕಾಣುವುದಿಲ್ಲ. ಆಮೇಲೆ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ.

ಎರಡನೇ ಕಾರಣ ವೇಗದ್ದು. ಒಂಬತ್ತು, ಹತ್ತು ವಾರದ ಭ್ರೂಣ ದಿನಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಅಳತೆಯಲ್ಲಿ 2 ಮಿ.ಮೀ. ತಪ್ಪಿದರೂ ವಯಸ್ಸು ತಪ್ಪುವುದು ಎರಡು ದಿನ. ಕೊನೆಯ ತಿಂಗಳಲ್ಲಿ ತಲೆಯ ಅಗಲ ವಾರಕ್ಕೆ ಒಂದೆರಡು ಮಿಲಿಮೀಟರು ಮಾತ್ರ ಹೆಚ್ಚುತ್ತದೆ. ಅದೇ 2 ಮಿ.ಮೀ. ತಪ್ಪು ಆಗ ಒಂದು ವಾರದಿಂದ ಎರಡು ವಾರದ ತಪ್ಪಾಗುತ್ತದೆ. ಯಂತ್ರ ಎಷ್ಟೇ ದುಬಾರಿಯಾದರೂ ಈ ಗಣಿತ ಬದಲಾಗದು.

ಮೂರನೇ ತಿಂಗಳ ಸ್ಕ್ಯಾನ್: ನೆತ್ತಿಯಿಂದ ಪೃಷ್ಠದವರೆಗೆ

ರಿಪೋರ್ಟಿನಲ್ಲಿ ಸಿಆರ್‌ಎಲ್ ಎಂದಿರುವುದು ಭ್ರೂಣದ ನೆತ್ತಿಯಿಂದ ಪೃಷ್ಠದ ತುದಿಯವರೆಗಿನ ನೇರ ಉದ್ದ. ಕಾಲು ಲೆಕ್ಕಕ್ಕಿಲ್ಲ. 7 ವಾರದಿಂದ 14 ವಾರದೊಳಗೆ, ಅಂದರೆ ಸುಮಾರು 10ರಿಂದ 84 ಮಿ.ಮೀ. ಉದ್ದದವರೆಗೆ ಈ ಅಳತೆ ಹೊಂದುತ್ತದೆ. ಬಾಯಿಲೆಕ್ಕವೂ ಇದೆ: ಸೆಂಟಿಮೀಟರಿನಲ್ಲಿರುವ ಉದ್ದಕ್ಕೆ ಆರೂವರೆ ಕೂಡಿಸಿದರೆ ಹೆಚ್ಚುಕಡಿಮೆ ವಾರ. 20 ಮಿ.ಮೀ. ಎಂದರೆ ಎಂಟೂವರೆ ವಾರ, 45 ಮಿ.ಮೀ. ಎಂದರೆ 11, 60 ಮಿ.ಮೀ. ಎಂದರೆ ಹನ್ನೆರಡೂವರೆ. ಸರಿಯಾಗಿ ಅಳೆದರೆ ತಪ್ಪು ಆಚೀಚೆ ಐದರಿಂದ ಏಳು ದಿನದೊಳಗೆ ನಿಲ್ಲುತ್ತದೆ. ಇಡೀ ಗರ್ಭಾವಸ್ಥೆಯಲ್ಲಿ ಇಷ್ಟು ನಿಖರತೆ ಮತ್ತೆ ಸಿಗುವುದಿಲ್ಲ.

"ಸರಿಯಾಗಿ ಅಳೆದರೆ" ಎಂಬಲ್ಲೇ ಕೆಲಸ ಇರುವುದು. ಹೊಟ್ಟೆಯ ಮೇಲಿಂದ ನೋಡುವುದಾದರೆ ಮೂತ್ರಕೋಶ ತುಂಬಿರಬೇಕು. ಒಂದು ಗಂಟೆ ಮೊದಲು ಮೂರ್ನಾಲ್ಕು ಲೋಟ ನೀರು ಕುಡಿದು ಕಾಯಿರಿ ಎನ್ನುವುದು ಇದಕ್ಕೇ: ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ತಳ್ಳಿ ಶಬ್ದಕ್ಕೆ ದಾರಿ ಬಿಡುತ್ತದೆ. ಪ್ರೋಬ್ ತಿರುಗಿಸುತ್ತಾ ಭ್ರೂಣದ ಉದ್ದಸೀಳು ಪೂರ್ತಿ ಕಾಣುವ ಜಾಗ ಹುಡುಕಬೇಕು. ನೆತ್ತಿ, ಪೃಷ್ಠ ಎರಡರ ಅಂಚೂ ಸ್ಪಷ್ಟವಿರಬೇಕು, ಭ್ರೂಣ ಅಡ್ಡಡ್ಡ ಮಲಗಿರಬೇಕು. ಆಮೇಲೆ ಚಿತ್ರವನ್ನು ಪರದೆಯ ಮುಕ್ಕಾಲು ಪಾಲು ತುಂಬುವಷ್ಟು ಹಿಗ್ಗಿಸಬೇಕು. ಚಿತ್ರ ಚಿಕ್ಕದಿದ್ದರೆ ಗುರುತುಕಡ್ಡಿ ಒಂದು ಚುಕ್ಕಿ ಆಚೆ ಹೋದರೂ ಮಿಲಿಮೀಟರುಗಳು ಏರುಪೇರಾಗುತ್ತವೆ.

ತಪ್ಪುವ ಬಗೆಗಳು ಕೆಲವೇ, ಆದರೆ ಮತ್ತೆ ಮತ್ತೆ ಆಗುವಂಥವು. ಸೀಳು ಓರೆಯಾದರೆ ಉದ್ದ ಕಡಿಮೆ ಬರುತ್ತದೆ. ಕೂಸು ಗಲ್ಲವನ್ನು ಎದೆಗೆ ಅಂಟಿಸಿಕೊಂಡು ಮುದುಡಿದ್ದರೂ ಕಡಿಮೆ, ಕತ್ತು ಹಿಂದಕ್ಕೆ ಚಾಚಿದ್ದರೆ ಹೆಚ್ಚು. ಗಲ್ಲಕ್ಕೂ ಎದೆಗೂ ನಡುವೆ ಸ್ವಲ್ಪ ಕಪ್ಪಾಗಿ ನೀರು ಕಾಣುತ್ತಿದ್ದರೆ ಭಂಗಿ ಸರಿಯಿದೆ ಎಂದರ್ಥ. ಮುದುಡಿದ್ದರೆ ಕಾಯಬೇಕು, ಬೇಕಾದರೆ ಗರ್ಭಿಣಿಗೆ ಎದ್ದು ನಾಲ್ಕು ಹೆಜ್ಜೆ ನಡೆದು ಬರಲು ಹೇಳಬೇಕು. ಹೊರಗೆ ನಲವತ್ತು ಜನ ಕೂತಿರುವಾಗ ಹಾಗೆ ಕಾಯುವ ತಾಳ್ಮೆ ಕಷ್ಟವೇ, ಆದರೆ ಈ ಸ್ಕ್ಯಾನಿನಲ್ಲಿ ಉಳಿಸಿದ ಎರಡು ನಿಮಿಷಕ್ಕೆ ಮುಂದಿನ ಆರು ತಿಂಗಳು ಬೆಲೆ ತೆರಬೇಕಾಗುತ್ತದೆ. ಪಕ್ಕದಲ್ಲಿ ಉಂಗುರದ ಹಾಗೆ ಕಾಣುವ ಹಳದಿಚೀಲವನ್ನೋ (ಆರಂಭದಲ್ಲಿ ಭ್ರೂಣವನ್ನು ಪೋಷಿಸುವ ಚೀಲ), ಮಡಿಚಿದ ಕಾಲನ್ನೋ ಉದ್ದಕ್ಕೆ ಸೇರಿಸಿಬಿಡುವುದು ಇನ್ನೊಂದು ತಪ್ಪು. ಒಳ್ಳೆಯ ಅಭ್ಯಾಸವೆಂದರೆ ಮೂರು ಬೇರೆ ಬೇರೆ ಚಿತ್ರ ಹಿಡಿದು, ಮೂರರ ಸರಾಸರಿ ಬರೆಯುವುದು.

ಹದಿನಾಲ್ಕು ವಾರ ದಾಟಿದ ಮೇಲೆ

ಕೂಸು ಬಾಗಿ ಮಡಿಚಿಕೊಳ್ಳಲು ಶುರುಮಾಡಿದ ಮೇಲೆ ಉದ್ದ ಅಳೆಯುವುದು ಆಗದ ಮಾತು. ಆಗ ತಲೆ, ತೊಡೆ, ಹೊಟ್ಟೆಯತ್ತ ಹೋಗುತ್ತಾರೆ. ಬಿಪಿಡಿ ಎಂದರೆ ತಲೆಯ ಅಗಲ, ಎಚ್‌ಸಿ ತಲೆಯ ಸುತ್ತಳತೆ, ಎಫ್‌ಎಲ್ ತೊಡೆಮೂಳೆಯ ಉದ್ದ, ಎಸಿ ಹೊಟ್ಟೆಯ ಸುತ್ತಳತೆ. 20 ವಾರದಲ್ಲಿ ತಲೆಯ ಅಗಲ ಸುಮಾರು 47 ಮಿ.ಮೀ., ಸುತ್ತಳತೆ 175ರ ಹತ್ತಿರ, ತೊಡೆಮೂಳೆ 32–33 ಮಿ.ಮೀ. ಇರುತ್ತದೆ.

ವಯಸ್ಸಿಗೆ ಹೆಚ್ಚು ನಂಬಿಗಸ್ತ ಎಂದರೆ ತಲೆಯ ಸುತ್ತಳತೆ, ಜೊತೆಗೆ ತೊಡೆಮೂಳೆ. ಹೊಟ್ಟೆಯ ಸುತ್ತಳತೆ ಕೂಸಿನ ಪೋಷಣೆಗೆ ತಕ್ಕಂತೆ ಎಲ್ಲಕ್ಕಿಂತ ಮೊದಲು ಏರಿಳಿಯುತ್ತದೆ. ಹಾಗಾಗಿ ಅದು ಬೆಳವಣಿಗೆ ನೋಡಲು ಒಳ್ಳೆಯದು, ವಯಸ್ಸಿಗೆ ಅಲ್ಲ. ಕೂಸು ತಲೆ ಮೇಲಾಗಿ ಕೂತಿದ್ದರೆ ಅಥವಾ ನೀರು ಕಡಿಮೆಯಿದ್ದರೆ ತಲೆ ಉದ್ದುದ್ದವಾಗಿ ಚಪ್ಪಟೆಯಾಗುತ್ತದೆ. ಆಗ ಅಗಲ ಮೋಸ ಮಾಡುತ್ತದೆ, ಸುತ್ತಳತೆ ಅಷ್ಟಾಗಿ ಮಾಡುವುದಿಲ್ಲ.

ತಲೆ ಅಳೆಯುವ ಸೀಳು ಎಲ್ಲಿಯದಾದರೂ ಆಗದು. ಮೆದುಳಿನ ನಡುಗೆರೆ ಎರಡು ಪಾಲನ್ನು ಸಮಕ್ಕೆ ಹಂಚಬೇಕು, ಥಲಾಮಸ್ ಎಂಬ ಒಳಭಾಗ ಎರಡೂ ಕಡೆ ಕಾಣಬೇಕು, ಚಿಕ್ಕಮೆದುಳು ಕಾಣಬಾರದು. ಕಂಡರೆ ಪ್ರೋಬ್ ಓರೆಯಾಗಿದೆ. ತೊಡೆಮೂಳೆಯ ಎರಡೂ ತುದಿ ಕಾಣಬೇಕು, ಮೂಳೆ ಸಾಧ್ಯವಾದಷ್ಟು ಅಡ್ಡಲಾಗಿರಬೇಕು. ಇನ್ನೊಂದು ಸೂಕ್ಷ್ಮ: ಕೆಲವು ಕೋಷ್ಟಕಗಳು ತಲೆಯ ಅಗಲವನ್ನು ಮೂಳೆಯ ಹೊರ ಅಂಚಿನಿಂದ ಆಚೆಬದಿಯ ಒಳ ಅಂಚಿಗೆ ಅಳೆಯಲು ಹೇಳುತ್ತವೆ, ಕೆಲವು ಹೊರ ಅಂಚಿನಿಂದ ಹೊರ ಅಂಚಿಗೆ. ಒಂದರಂತೆ ಅಳೆದು ಇನ್ನೊಂದರಲ್ಲಿ ವಾರ ಹುಡುಕಿದರೆ ಅಷ್ಟಕ್ಕೇ ಕೆಲವು ದಿನ ಜಾರುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಇರುವುದು ಅಮೆರಿಕದ ಹ್ಯಾಡ್‌ಲಾಕ್ 1980ರ ದಶಕದಲ್ಲಿ ಕೊಟ್ಟ ಸೂತ್ರಗಳು. 2014ರಲ್ಲಿ ಪ್ರಕಟವಾದ ಇಂಟರ್‌ಗ್ರೋತ್-21 ಎಂಬ ಅಂತರರಾಷ್ಟ್ರೀಯ ಅಧ್ಯಯನದ ಅಳತೆಗಳಿಗೆ ಎಂಟು ದೇಶಗಳ ಗರ್ಭಿಣಿಯರನ್ನು ನೋಡಿದ್ದರು, ಅದರಲ್ಲಿ ನಮ್ಮ ನಾಗಪುರವೂ ಇತ್ತು.

14 ವಾರದ ಹೊತ್ತಿಗೆ ತಲೆ ಮತ್ತು ತೊಡೆಯಿಂದ ಹೇಳುವ ವಯಸ್ಸು ಒಂದು ವಾರದೊಳಗೆ ಸರಿ. 26 ವಾರದಲ್ಲಿ ಆಚೀಚೆ ಎರಡು ವಾರ. ಆಮೇಲೆ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿರುವುದೂ ಇದನ್ನೇ: ಪ್ರತಿ ಗರ್ಭಿಣಿಗೂ 24 ವಾರದೊಳಗೆ ಒಂದಾದರೂ ಸ್ಕ್ಯಾನ್ ಆಗಬೇಕು.

ಡೇಟ್ ಬದಲಿಸಬೇಕೋ ಬೇಡವೋ

ಮುಟ್ಟಿನ ಲೆಕ್ಕಕ್ಕೂ ಸ್ಕ್ಯಾನಿಗೂ ಎರಡು ಮೂರು ದಿನದ ವ್ಯತ್ಯಾಸವಿದ್ದರೆ ಯಾರೂ ಡೇಟ್ ಮುಟ್ಟುವುದಿಲ್ಲ. ಎಷ್ಟು ವ್ಯತ್ಯಾಸಕ್ಕೆ ಬದಲಿಸಬೇಕು ಎಂಬುದು ಸ್ಕ್ಯಾನ್ ಎಷ್ಟನೇ ವಾರದ್ದು ಎಂಬುದರ ಮೇಲಿದೆ. ಅಮೆರಿಕದ ಪ್ರಸೂತಿ ತಜ್ಞರ ಸಂಘದ ಮಿತಿಗಳನ್ನು ಇಲ್ಲಿಯೂ ಅನೇಕ ವೈದ್ಯರು ಬಳಸುತ್ತಾರೆ. 9 ವಾರ ತುಂಬುವ ಮೊದಲು ಐದು ದಿನಕ್ಕಿಂತ ಹೆಚ್ಚು, 9ರಿಂದ 16 ವಾರದೊಳಗೆ ಏಳು ದಿನಕ್ಕಿಂತ ಹೆಚ್ಚು, 16ರಿಂದ 22ರೊಳಗೆ ಹತ್ತು, 22ರಿಂದ 28ರೊಳಗೆ ಹದಿನಾಲ್ಕು, 28 ದಾಟಿದರೆ ಇಪ್ಪತ್ತೊಂದು ದಿನಕ್ಕಿಂತ ಹೆಚ್ಚಿದ್ದರೆ ಮಾತ್ರ ಬದಲಾವಣೆಯ ಯೋಚನೆ. ಮೊದಲ ಸ್ಕ್ಯಾನಿನಲ್ಲಿ ಒಮ್ಮೆ ನಿಂತ ಡೇಟನ್ನು ಆಮೇಲಿನ ಸ್ಕ್ಯಾನ್ ನೋಡಿ ಬದಲಿಸುವಂತಿಲ್ಲ.

ಆರಂಭದ ಉದಾಹರಣೆಯನ್ನು ಈಗ ಬಿಡಿಸಬಹುದು. ಎಲ್‌ಎಂಪಿ ಜನವರಿ 10. ಮಾರ್ಚ್ 24ಕ್ಕೆ ಮೊದಲ ಸ್ಕ್ಯಾನ್. ಮುಟ್ಟಿನ ಲೆಕ್ಕದಲ್ಲಿ ಆವತ್ತಿಗೆ 73 ದಿನ, 10 ವಾರ 3 ದಿನ. ಆದರೆ ಭ್ರೂಣದ ಉದ್ದ 22 ಮಿ.ಮೀ. ಮಾತ್ರ, ಅಂದರೆ 8 ವಾರ 6 ದಿನ. ಹನ್ನೊಂದು ದಿನದ ವ್ಯತ್ಯಾಸ, ಮಿತಿ ಏಳು. ಆ ತಿಂಗಳು ಅಂಡ ತಡವಾಗಿ ಬಿಡುಗಡೆಯಾಗಿರಬೇಕು. ಹೆರಿಗೆಯ ಡೇಟ್ ಹನ್ನೊಂದು ದಿನ ಮುಂದಕ್ಕೆ ಹೋಗಿ ಅಕ್ಟೋಬರ್ 28 ಆಯಿತು. ಇಲ್ಲಿಗೆ ವಯಸ್ಸಿನ ವಿಚಾರ ಮುಗಿಯಿತು. ತಾಯಿ ಕಾರ್ಡಿನಲ್ಲಿ ಹಳೆಯ ಡೇಟ್ ಹೊಡೆದುಹಾಕಿ ಹೊಸದನ್ನು ಬರೆಯಬೇಕಿತ್ತು. ಬಹಳ ಸಲ ಆಗದೆ ಉಳಿಯುವ ಕೆಲಸ ಇದೇ.

ಆಗಸ್ಟ್ 29ಕ್ಕೆ ಮತ್ತೆ ಸ್ಕ್ಯಾನ್. ಮೊದಲ ಸ್ಕ್ಯಾನಿನ ಪ್ರಕಾರ ಆವತ್ತಿಗೆ 31 ವಾರ 3 ದಿನ. ಯಂತ್ರ ಮಾತ್ರ ತಲೆ, ಹೊಟ್ಟೆ, ತೊಡೆಯ ಸರಾಸರಿ ತೆಗೆದು 29 ವಾರ 3 ದಿನ ಎಂದು ತೋರಿಸಿ, ತಾನಾಗಿಯೇ ನವೆಂಬರ್ 11 ಎಂದು ಅಚ್ಚುಹಾಕಿತು. ಇದನ್ನು ಹೆರಿಗೆಯ ಡೇಟ್ ಎಂದು ಓದಿದರೆ "ಇನ್ನೂ ಸಮಯವಿದೆ" ಎಂದು ಎಲ್ಲರೂ ನಿರಾಳ. ಸರಿಯಾದ ಓದು ಬೇರೆ: ಕೂಸು ತನ್ನ ವಯಸ್ಸಿಗಿಂತ ಎರಡು ವಾರ ಚಿಕ್ಕದಿದೆ. ಬೆಳವಣಿಗೆ ಕುಂಠಿತವಾಗಿದೆಯೋ, ತಾಯಿಯ ಬಿಪಿ ಏರಿದೆಯೋ, ಹೊಕ್ಕುಳಬಳ್ಳಿಯ ರಕ್ತ ಹರಿವು ಹೇಗಿದೆ ಎಂದು ಡಾಪ್ಲರ್‌ನಲ್ಲಿ ನೋಡಬೇಕು, ಎರಡು ಮೂರು ವಾರದಲ್ಲಿ ಮತ್ತೆ ಅಳೆಯಬೇಕು. ಯಂತ್ರ ಅಚ್ಚು ಹಾಕುವ ಕೊನೆಯ ಡೇಟನ್ನು ನಂಬಿ ಕೂತರೆ ಸೊರಗುತ್ತಿರುವ ಕೂಸು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಮಟ್ಟಿಗೆ, ಎಂಟನೇ ತಿಂಗಳ ರಿಪೋರ್ಟಿನಲ್ಲಿ ಆ ಸಾಲನ್ನು ಅಚ್ಚು ಹಾಕದಿದ್ದರೇ ಒಳ್ಳೆಯದು.

ವಾರ ತಪ್ಪಿದರೆ ಏನಾಗುತ್ತದೆ

ದಿನ ತುಂಬುವ ಮೊದಲೇ ನೋವು ಬಂದಾಗ ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಡುತ್ತಾರೆ. 6 ಮಿ.ಗ್ರಾಂ.ನಂತೆ ಹನ್ನೆರಡು ಗಂಟೆಗೊಮ್ಮೆ ನಾಲ್ಕು ಸಲ. ನಮ್ಮ ದೇಶದ ಮಾರ್ಗಸೂಚಿಯಲ್ಲಿ ಇದು 24ರಿಂದ 34 ವಾರದವರಿಗೆ. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸುವ ಮೊದಲು ಮೊದಲ ಡೋಸ್ ಕೊಡಬೇಕೋ ಬೇಡವೋ ಎಂಬುದು ಪೂರ್ತಿ ವಾರದ ಲೆಕ್ಕ.

ವಾರ ಗೊತ್ತಿಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಳಗಾವಿಯೂ ಸೇರಿದ್ದ ಒಂದು ದೊಡ್ಡ ಪ್ರಯೋಗವಿದೆ. ಆರು ದೇಶಗಳ ಹಳ್ಳಿಗಾಡುಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಯಸ್ಸನ್ನು ಹೆಚ್ಚಾಗಿ ಮುಟ್ಟಿನ ದಿನದಿಂದ, ಅದೂ ಗೊತ್ತಿಲ್ಲದಿದ್ದರೆ ಹೊಟ್ಟೆಗೆ ಟೇಪು ಹಿಡಿದು ನಿರ್ಧರಿಸಿದ್ದರು. ಚುಚ್ಚುಮದ್ದು ಪಡೆದವರಲ್ಲಿ ಬಹುಪಾಲು ಮಂದಿಗೆ ಹುಟ್ಟಿದ್ದು ಚಿಕ್ಕ ಕೂಸುಗಳಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಇಳಿಯುವ ಬದಲು ಸ್ವಲ್ಪ ಏರಿತು, ತಾಯಂದಿರಲ್ಲಿ ಸೋಂಕೂ ಹೆಚ್ಚಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಸ್ಕ್ಯಾನಿನಿಂದ ವಾರ ಖಚಿತಪಡಿಸಿಕೊಂಡು ಅದೇ ಔಷಧ ಕೊಟ್ಟಾಗ ನವಜಾತ ಶಿಶುಗಳ ಸಾವು ಕಡಿಮೆಯಾಯಿತು. ಆಸ್ಪತ್ರೆಯ ಆರೈಕೆಯೂ ಇದಕ್ಕೆ ಕಾರಣ, ಅದನ್ನು ಬಿಡುವಂತಿಲ್ಲ. ಆದರೆ ಸರಿಯಾದ ವಾರದವರಿಗೇ ಔಷಧ ಸೇರಿದ್ದು ಸಣ್ಣ ಸಂಗತಿಯಲ್ಲ.

ಉಳಿದವು ಹಲವು: 41 ವಾರ ತುಂಬಿದರೆ ನೋವು ಬರಿಸಬೇಕೆ, 18–20 ವಾರದ ಅಂಗದೋಷದ ಸ್ಕ್ಯಾನ್ ಯಾವತ್ತು, ಗರ್ಭಪಾತ ಕಾನೂನಿನ 20 ಮತ್ತು 24 ವಾರದ ಮಿತಿ. ಎಲ್ಲಕ್ಕೂ ಬುಡ ಇದೇ ಎಣಿಕೆ.

ಸಣ್ಣ ಆಸ್ಪತ್ರೆ, ಮಳೆ, ಕರೆಂಟು

ಕೊಡಗಿನ ಮಳೆಗಾಲದಲ್ಲಿ ಯಂತ್ರಕ್ಕೆ ಮೊದಲ ಶತ್ರು ತೇವ. ಪ್ರೋಬಿನ ಕೇಬಲ್, ಕನೆಕ್ಟರಿಗೆ ಬೂಷ್ಟು ಹಿಡಿಯುತ್ತದೆ. ಕೆಲಸವಿಲ್ಲದಾಗಲೂ ಕೋಣೆ ಒಣಗಿರಬೇಕು, ಹೊದಿಕೆ ಹಾಕುವ ಮೊದಲು ಯಂತ್ರ ಆರಿರಬೇಕು. ಎರಡನೆಯದು ವೋಲ್ಟೇಜ್. ಯುಪಿಎಸ್ ಇಲ್ಲದೆ ಯಂತ್ರ ನಡೆಸಬಾರದು. ಕರೆಂಟು ಹೋಗಿ ಬಂದಾಗ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಯಂತ್ರದ ಗಡಿಯಾರ ಹಳೆಯ ತಾರೀಖಿಗೆ ಮರಳುತ್ತದೆ. ಯಂತ್ರ ಹೆರಿಗೆಯ ಡೇಟ್ ಲೆಕ್ಕ ಹಾಕುವುದು ತನ್ನ ಗಡಿಯಾರ ತೋರಿಸುವ "ಇವತ್ತಿ"ನಿಂದ. ಅದು ತಪ್ಪಿದರೆ ಅಳತೆ, ವಾರ ಸರಿಯಿದ್ದೂ ಡೇಟ್ ಹುಚ್ಚುಹುಚ್ಚಾಗಿ ಬರುತ್ತದೆ. ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಪರದೆಯ ಮೂಲೆಯ ತಾರೀಖು ನೋಡುವುದು ಒಂದು ಸೆಕೆಂಡಿನ ಕೆಲಸ.

ಪ್ರೋಬ್ ಒಮ್ಮೆ ಕೈಜಾರಿ ಬಿದ್ದರೆ ಒಳಗಿನ ಹರಳು ಒಡೆದು ಚಿತ್ರದಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಗೆರೆ ನಿಲ್ಲುತ್ತದೆ. ಜೆಲ್ ಮುಗಿದರೆ ಎಣ್ಣೆ ಹಚ್ಚಬಾರದು, ಪ್ರೋಬಿನ ರಬ್ಬರು ಹಾಳಾಗುತ್ತದೆ. ತಯಾರಕರು ಹೇಳದ ಸ್ಪಿರಿಟ್ಟಿನಿಂದ ಒರೆಸಿದರೂ ಅದೇ ಗತಿ.

ಇನ್ನು ರಿಪೋರ್ಟಿನ ಕಾಗದ. ಉಷ್ಣಕಾಗದದ ಮೇಲಿನ ಚಿತ್ರ ಬೆಳಕು, ಬಿಸಿಗೆ ಕೆಡುತ್ತದೆ, ಲೈನ್ ಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೆರಿಗೆಯ ಹೊತ್ತಿಗೆ ಓದಲಾಗದ ಹಾಳೆ. ಮೊದಲ ಸ್ಕ್ಯಾನಿನ ತಾರೀಖು, ಸಿಆರ್‌ಎಲ್ ಎಷ್ಟು ಮಿ.ಮೀ., ಎಷ್ಟು ವಾರ ಎಷ್ಟು ದಿನ, ಡೇಟ್ ಯಾವುದು ಎಂಬ ನಾಲ್ಕನ್ನು ಪೆನ್ನಿನಿಂದ ತಾಯಿ ಕಾರ್ಡಿಗೆ ಬರೆಸಿಕೊಳ್ಳಬೇಕು, ಫೋನಿನಲ್ಲಿ ಫೋಟೋ ತೆಗೆದಿಡಬೇಕು. ಕೊಯ್ಲು ಮುಗಿಸಿ ಅಸ್ಸಾಂಗೋ ತಮಿಳುನಾಡಿಗೋ ಮರಳುವ ಹೆಣ್ಣುಮಕ್ಕಳಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುವುದು ಈ ನಾಲ್ಕೇ ಸಂಗತಿ.

ಕಂಪ್ಯೂಟರ್ ಓದುವ ಸ್ಕ್ಯಾನ್, ನಮ್ಮ ಕಾನೂನು

ಯಂತ್ರಕ್ಕಿಂತ ದೊಡ್ಡ ಕೊರತೆ ಅಳೆಯಬಲ್ಲ ಕೈಗಳದ್ದು. ಇದಕ್ಕೆ ಈಚೆಗೆ ಒಂದು ಹೊಸ ದಾರಿ ಹುಡುಕಿದ್ದಾರೆ. ಚಿತ್ರ ಹುಡುಕುವ ಕಷ್ಟವೇ ಇಲ್ಲ. ತರಬೇತಿ ಕಡಿಮೆಯಿರುವ ದಾದಿ ಹೊಟ್ಟೆಯ ಮೇಲೆ ಪ್ರೋಬನ್ನು ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ನಿಗದಿತ ಗೆರೆಗಳಲ್ಲಿ ಎಳೆಯುತ್ತಾ ಹೋಗುತ್ತಾರೆ. ಪರದೆ ನೋಡುವುದೂ ಬೇಡ. ದಾಖಲಾದ ವಿಡಿಯೋವನ್ನು ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಓದಿ ವಾರ ಹೇಳುತ್ತದೆ. ಜಾಂಬಿಯಾದ ಲುಸಾಕಾ ಮತ್ತು ಅಮೆರಿಕದ ಚಾಪೆಲ್ ಹಿಲ್‌ನಲ್ಲಿ 400 ಗರ್ಭಿಣಿಯರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ಯಾಟರಿ ಚಾಲಿತ ಸಣ್ಣ ಯಂತ್ರ ಹಿಡಿದ ಹೊಸಬರ ಸರಾಸರಿ ತಪ್ಪು 3.2 ದಿನ, ಪಳಗಿದ ತಜ್ಞರದ್ದು 3.0 ದಿನ. ಇದು 14ರಿಂದ 28 ವಾರದೊಳಗಿನವರ ಮಾತು. ತಡವಾದ ಗರ್ಭದಲ್ಲಿ ಗಾತ್ರಕ್ಕೂ ವಯಸ್ಸಿಗೂ ನಂಟು ಸಡಿಲವಾಗುವುದರಿಂದ ಕಂಪ್ಯೂಟರಿಗೂ ಅಷ್ಟು ನಿಖರತೆ ದಕ್ಕುವುದಿಲ್ಲ.

ಹಾಗಾದರೆ ಆಶಾ ಕಾರ್ಯಕರ್ತೆಯ ಬ್ಯಾಗಿನಲ್ಲಿ ಇಂಥದ್ದೊಂದು ಇರಬಾರದೇಕೆ? ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ನೋಂದಾಯಿತ ಕೇಂದ್ರದಲ್ಲಿ, ಅರ್ಹ ವೈದ್ಯರೇ ಗರ್ಭಿಣಿಯ ಸ್ಕ್ಯಾನ್ ಮಾಡಬೇಕು. ಕೈಯಲ್ಲಿ ಹಿಡಿದು ಒಯ್ಯುವ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ ಒಳರೋಗಿಗಳಿಗೆ, ಇಲ್ಲವೇ ಬೇರೆ ಆರೋಗ್ಯ ಸೇವೆಗಳನ್ನೂ ಕೊಡುವ ನೋಂದಾಯಿತ ಸಂಚಾರಿ ಘಟಕದಲ್ಲಿ ಮಾತ್ರ ಬಳಸಬಹುದು. ಪ್ರತಿ ಸ್ಕ್ಯಾನಿಗೂ ಎಫ್ ನಮೂನೆ ತುಂಬಬೇಕು. ಗುರುತಿನ ಚೀಟಿ ಕೇಳುವುದು, ಸಹಿ ಹಾಕಿಸುವುದು ಇದಕ್ಕೇ. ಲಿಂಗ ತಿಳಿಸಿದರೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ವಯಸ್ಸು ಅಳೆಯಲು ಲಿಂಗ ನೋಡುವ ಅಗತ್ಯ ಎಳ್ಳಷ್ಟೂ ಇಲ್ಲ, ಆದರೆ ಎರಡಕ್ಕೂ ಬಳಸುವುದು ಒಂದೇ ಪ್ರೋಬ್ ಆದ್ದರಿಂದ ಈ ಬಿಗಿ. ಹೀಗಾಗಿ ಸದ್ಯಕ್ಕೆ ಯಂತ್ರ ಹಾಡಿಗೆ ಹೋಗುವ ಬದಲು ಹಾಡಿಯ ಗರ್ಭಿಣಿಯೇ ಯಂತ್ರವಿರುವಲ್ಲಿಗೆ ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿ ಹೋಗುವುದು ಒಂದೇ ಸಲ ಸಾಧ್ಯ ಎಂದಾದರೆ, ಆ ಒಂದು ಸಲ 11ರಿಂದ 13ನೇ ವಾರದಲ್ಲಿರಲಿ. ವಯಸ್ಸೂ ಸಿಗುತ್ತದೆ, ಅವಳಿ ಇದೆಯೇ ಎಂಬುದೂ ತಿಳಿಯುತ್ತದೆ. ಎರಡು ಸಲ ಆಗುವುದಾದರೆ ಇನ್ನೊಂದು 18–20ಕ್ಕೆ.

ಇದು ಸಾಧ್ಯವಾಗಬೇಕಾದರೆ ಮುಟ್ಟು ತಪ್ಪಿದ ಒಂದೆರಡು ವಾರದಲ್ಲೇ ಆಶಾ ಬಳಿ ಇರುವ ನಿಶ್ಚಯ್ ಕಿಟ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿಸಿ ಹೆಸರು ಬರೆಸಿರಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಉಚಿತ.

ತಡವಾಗಿ ಬಂದರೆ

ಮೊದಲ ಸಲ ಆಸ್ಪತ್ರೆ ಮೆಟ್ಟಿಲು ಹತ್ತಿದ್ದೇ ಎಂಟನೇ ತಿಂಗಳಲ್ಲಿ, ಮುಟ್ಟಿನ ದಿನವೂ ನೆನಪಿಲ್ಲ ಎಂದಾದರೆ ಒಂದೇ ಸ್ಕ್ಯಾನ್ ನೋಡಿ ಡೇಟ್ ಹೇಳುವುದು ಊಹೆಯೇ. ಆಗ ಚಿಕ್ಕಮೆದುಳಿನ ಅಗಲವನ್ನೂ ಅಳೆಯುತ್ತಾರೆ. ಕೂಸು ಸೊರಗಿದರೂ ಅದು ಅಷ್ಟು ಬೇಗ ಕುಗ್ಗುವುದಿಲ್ಲ. ಮೂರ್ನಾಲ್ಕು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿ, ನಡುವೆ ಎಷ್ಟು ಬೆಳೆದಿದೆ ನೋಡುತ್ತಾರೆ. ಮೂರು ವಾರಕ್ಕೆ ಮೂರು ವಾರದಷ್ಟು ಬೆಳೆದಿದ್ದರೆ ಮೊದಲು ಹೇಳಿದ ವಯಸ್ಸು ಸರಿಯಿರುವ ಸಾಧ್ಯತೆ ಹೆಚ್ಚು. ಬೆಳವಣಿಗೆ ಹಿಂದೆ ಬಿದ್ದಿದ್ದರೆ ಕೂಸಿಗೆ ಹೇಳಿದ್ದಕ್ಕಿಂತ ಹೆಚ್ಚು ವಯಸ್ಸಾಗಿರಬಹುದು. ಅಂಥ ಗರ್ಭಿಣಿಯ ಕಾರ್ಡಿನಲ್ಲಿ ಒಂದು ಡೇಟ್ ಬರೆಯುವ ಬದಲು "ಇಂಥ ವಾರದಿಂದ ಇಂಥ ವಾರದೊಳಗೆ" ಎಂದು ಬರೆಯುವುದು ಪ್ರಾಮಾಣಿಕ, ಮಳೆಗಾಲದಲ್ಲಿ ಆ ಅವಧಿಯ ಆರಂಭಕ್ಕೇ ಪೇಟೆಗೆ ಬರಲು ಹೇಳುವುದು ಜಾಣತನ.

ಯಾವ ಸ್ಕ್ಯಾನೂ ಇಲ್ಲದೆ ಹೆರಿಗೆಯಾದರೆ ಕೂಸನ್ನೇ ನೋಡಿ ವಯಸ್ಸು ಹೇಳುವ ಬ್ಯಾಲಾರ್ಡ್ ಅಂಕಪಟ್ಟಿ ಇದೆ. ಅಂಗಾಲಿನ ಗೆರೆ, ಕಿವಿಯ ಮಡಿಕೆ, ಚರ್ಮ, ಕೈಕಾಲಿನ ಬಿಗಿ ನೋಡಿ ಅಂಕ ಕೊಡುತ್ತಾರೆ. ಅದೂ ಎರಡು ವಾರ ಆಚೀಚೆ ತಪ್ಪಬಹುದು. ಆದರೂ ಎರಡು ಕಿಲೋದ ಕೂಸು ಅವಧಿಗೆ ಮೊದಲೇ ಹುಟ್ಟಿದ್ದೋ, ದಿನ ತುಂಬಿಯೂ ಸೊರಗಿದ್ದೋ ಎಂದು ಬೇರ್ಪಡಿಸಲು ಅಷ್ಟು ಸಾಕಾಗುತ್ತದೆ. ಮೊದಲನೆಯದಕ್ಕೆ ಉಸಿರಾಟದ ಮೇಲೆ ಕಣ್ಣಿಡಬೇಕು, ಎರಡನೆಯದಕ್ಕೆ ಹುಟ್ಟಿದ ಮೊದಲ ಗಂಟೆಗಳಿಂದಲೇ ರಕ್ತದ ಸಕ್ಕರೆಯ ಮೇಲೆ.